ಬೆರಳಿನ ಪದ, ಬೊಗಸೆಯ ಪದ

ಬರ್ಜಿಯೋ ಬಂದರಿನ ವಾರಪತ್ರಿಕೆಯಲ್ಲಿ
ನಾನು ಅಚ್ಚುಮೊಳೆ ಜೋಡಿಸುವ ಹುಡುಗ,
ಕರಡು ತಿದ್ದುವವಳು ಫಿಲೊಮಿನಾ ಕೀಪಿಂಗ್.
ಮೂಗಿನ ತುದಿಗೆ ಕನ್ನಡಕ, ಕಿವಿಸಂದಿಗೆ ಕೆಂಪು ಪೆನ್ಸಿಲು,
ಒಲೆಯ ಮೇಲೆ ಕುದಿಕುದಿದು ಟಾರಿನಂತಾದ ಚಹಾ.
ನ್ಯೂಫೌಂಡ್‌ಲ್ಯಾಂಡಿನ ಆ ತೀರಕ್ಕೆ ಮಂಜು ಇಳಿದರೆ
ಕಿಟಕಿಯಾಚೆ ದೋಣಿಯಿಲ್ಲ, ಕಡಲಿಲ್ಲ,
ಪೆನ್ಸಿಲು ಗೀರುವ ಸದ್ದಷ್ಟೇ.

ಮೊದಲ ದಿನವೇ ಕೈ ಚಾಚು ಎಂದಳು.
ಬೆರಳು ಬಿಡಿಸಿದಳು:
"ಇದಕ್ಕೆ ಸಿಕ್ಕಿದ್ದು ಮೆನಿ.
ಗಾಳ, ಹುಟ್ಟು, ಮಕ್ಕಳು, ಬಾಕಿ ಕೇಳಲು ಬರುವವರು."
ಬೊಗಸೆ ಮಾಡಿಸಿದಳು:
"ಇದಕ್ಕೆ ಸಿಕ್ಕಿದ್ದು ಮಚ್.
ಉಪ್ಪು, ಹಿಟ್ಟು, ಹೊಟ್ಟೆಕಿಚ್ಚು."
"ಹಣ?" ಎಂದೆ.
"ನಾಣ್ಯ ಬೆರಳಿಗೆ, ಹಣ ಬೊಗಸೆಗೆ.
ನಿನ್ನಪ್ಪನನ್ನು ಕೇಳು, ಎಣಿಸುವ ಮೊದಲೇ ಸೋರಿರುತ್ತದೆ."
"ಮೀನು?"
ಆಗ ಸ್ವಲ್ಪ ಹೊತ್ತು ಚಹಾ ಕುಡಿದಳು.
"ಗಾಳದಲ್ಲಿ ಒದ್ದಾಡುವಾಗ ಬೆರಳಿಗೆ.
ಉಪ್ಪು ಸವರಿ ಪೇರಿಸಿದ ಮೇಲೆ ಬೊಗಸೆಗೆ."

ಒಮ್ಮೆ ನನ್ನ ಕೈಯಿಂದ ಒಂದು ಮೊಳೆ ಜಾರಿತು,
ಸಾಸಿವೆಯಷ್ಟು ಅಕ್ಷರ, ಬರೀ ಒಂದು ಎ.
ಚರ್ಚಿನ ಔತಣಕ್ಕೆ 'ಎ ಫ್ಯೂ' ಜನ ಬಂದಿದ್ದರು,
ಪತ್ರಿಕೆಯಲ್ಲಿ 'ಫ್ಯೂ' ಜನ ಬಂದರು.
ಎ ಇದ್ದರೆ ಒಂದಷ್ಟು ಮಂದಿ,
ಎ ಬಿದ್ದರೆ ಬಂದೂ ಬಾರದಂತೆ.
ಹದಿನೇಳು ಕಡುಬು ಬೇಯಿಸಿದ ಹೆಂಗಸರು
ಟೋಪಿ ಸಮೇತ ಮೆಟ್ಟಿಲು ಹತ್ತಿ ಬಂದರು.
ನಾನು ಶಾಯಿಡಬ್ಬಿಯ ಹಿಂದೆ.
ಅವರು ಹೋದ ಮೇಲೆ ಫಿಲೊಮಿನಾ
ಭೂತಗನ್ನಡಿ ಹಿಡಿದು, ನೆಲಕ್ಕೆ ಮಂಡಿಯೂರಿ,
ಆ ಎಯನ್ನು ಹುಡುಕಿ ತೆಗೆದಳು.

ಫೆಬ್ರುವರಿಯಲ್ಲಿ ಎಫಿ ಎಂ. ಹೋಯಿತು.
ಒಂಬತ್ತು ಜನ ಹೋಗಿದ್ದರು, ಆರು ಜನ ಬಂದರು.
ಅವಸರದಲ್ಲಿ ತಲೆಬರಹ ಜೋಡಿಸಿದೆ,
ಲೆಸ್ ಮೆನ್ ಎಂದು.
ಅವಳು ಬೈಯಲಿಲ್ಲ.
ಲೆಸ್ ಹೊಡೆದು ಫ್ಯೂಯರ್ ಬರೆದಳು,
ಮತ್ತೆ ಅದನ್ನೂ ಹೊಡೆದಳು.
"ಮನುಷ್ಯರನ್ನು ಬೊಗಸೆಯಲ್ಲಿ ಎತ್ತಬೇಡ" ಎಂದು
ಮೂರು ಹೆಸರು ಹೇಳಿದಳು, ಕಾಗುಣಿತ ಸಮೇತ.
ದೊಡ್ಡ ಮೊಳೆಗಳಲ್ಲಿ ಒಂದೊಂದಾಗಿ ಜೋಡಿಸಿದೆ.
ಅದೇ ತಲೆಬರಹವಾಯಿತು.

ಹಿಮ ಕರಗುವ ಹೊತ್ತಿಗೆ ಡೋರ್ಕಸ್ ಸ್ಟ್ರಿಕ್‌ಲ್ಯಾಂಡ್
ನೆರೆಹೊರೆಗೆ ಧನ್ಯವಾದ ಅಚ್ಚು ಮಾಡಿಸಲು ಬಂದಳು.
ಕಿರಾಣಿ ಚೀಟಿಯ ಬೆನ್ನಿಗೆ ನಾಲ್ಕು ಸಾಲು.
ಮೂರನೆಯ ಸಾಲಿನಲ್ಲಿ:
ನಮ್ಮ ಮನೆಯಲ್ಲಿ ಈಗ ಫ್ಯೂಯರ್ ಬ್ರೆಡ್.
ಬ್ರೆಡ್ಡಿಗೆ ಲೆಸ್ ಬರಬೇಕು,
ಅಷ್ಟು ನನಗೂ ಗೊತ್ತಾಗಿತ್ತು.
ಪೆನ್ಸಿಲು ಕಿವಿಯಿಂದ ಇಳಿಯಿತು.
"ಇದು..." ಎಂದು ತೊಡಗಿದಳು ಫಿಲೊಮಿನಾ.
ಒದ್ದೆ ಕೈಗವಸು ಹಿಂಡುತ್ತ ಡೋರ್ಕಸ್ ಎಂದಳು:
"ದಿನಾ ಬೆಳಗ್ಗೆ ಏಳು ಹೋಳು ಕತ್ತರಿಸುತ್ತಿದ್ದೆ.
ಈಗ ಮೂರು.
ಒಮ್ಮೊಮ್ಮೆ ಮರೆತು ನಾಲ್ಕು."
ಪೆನ್ಸಿಲು ಕಿವಿಗೆ ಮರಳಿತು.
ಹಾಗೇ ಜೋಡಿಸು ಎಂಬಂತೆ ನನ್ನತ್ತ ಗದ್ದ ಆಡಿಸಿದಳು.

ರಾಮಿಯಾ ದ್ವೀಪದ ನಿವೃತ್ತ ಮೇಷ್ಟ್ರು
ಎರಡು ಪುಟ ಬರೆದು ಕಳಿಸಿದರು,
ಪತ್ರಿಕೆಯ ಇಂಗ್ಲಿಷು ಮುಳುಗುತ್ತಿದೆ ಎಂದು.
ಅವಳ ಉತ್ತರ ಒಂದು ಕಾರ್ಡಿನಲ್ಲಿ ಮುಗಿಯಿತು:
ನಿಯಮ ನಿಮ್ಮದೇ ಸರಿ.
ಎಣಿಸಿದವಳು ಅವಳು.

ಫಿಲೊಮಿನಾ ಸತ್ತಾಗ ಮೇಜಿನ ಖಾನೆಯಲ್ಲಿ
ತನ್ನದೇ ನಿಧನವಾರ್ತೆ ಬರೆದಿಟ್ಟಿದ್ದಳು.
ತಾರೀಖಿಗೆ ಮಾತ್ರ ಜಾಗ ಬಿಟ್ಟಿದ್ದಳು.
ಒಂದು ತಪ್ಪಿಲ್ಲ, ಒಂದು ಅಲ್ಪವಿರಾಮ ಹೆಚ್ಚಿಲ್ಲ.
ಕೊನೆಯ ಸಾಲು:
ಅಗಲಿದವಳಿಗೆ ಫ್ಯೂ ಫ್ರೆಂಡ್ಸ್.
ಎ ಇರಲಿಲ್ಲ.
ಅವಳು ಮರೆಯುವವಳಲ್ಲ.

ಮಧ್ಯಾಹ್ನ ಸ್ಮಶಾನದಲ್ಲಿ ಎಣಿಸಿದ್ದೆ:
ಹನ್ನೊಂದು ಜನ, ಡೋರ್ಕಸ್ ಸೇರಿ.
ಕಡುಬಿನ ಹೆಂಗಸರಲ್ಲಿ ಇಬ್ಬರು, ಅದೇ ಟೋಪಿ.
ಮೇಷ್ಟ್ರು ದೋಣಿ ಹಿಡಿದು ಬಂದಿದ್ದರು,
ಮಂಜಿನಲ್ಲಿ ತಡವಾಗಿ.

ರಾತ್ರಿ ಒಬ್ಬನೇ ಕೂತು ಜೋಡಿಸಿದೆ.
ಆ ಸಾಲಿಗೆ ಬಂದು ಕೈ ನಿಂತಿತು.
ಚಹಾ ಇರಲಿಲ್ಲ, ಒಲೆ ಆರಿತ್ತು.
ಎಡಗಡೆಯ ಗೂಡಿನಲ್ಲಿ
ಎ ಮೊಳೆಗಳು ಬೇಕಾದಷ್ಟಿದ್ದವು.